ಐದನೆಯ ಕಾಲಂ ಖಾಲಿ ಬರುವುದೇಕೆ?

ಪ್ರಶ್ನೆ: ಲಿನಕ್ಸ್ ಕಲಿಯುತ್ತಿದ್ದೇನೆ. ‘ಎಲ್‌ಎಸ್’ ಆದೇಶ ಕೊಡುವ ಉದ್ದ ಪಟ್ಟಿಯಿಂದ ಕಡತಗಳ ಗಾತ್ರವನ್ನಷ್ಟೇ ತೆಗೆಯಲು, ‘ಕಟ್’ ಆದೇಶಕ್ಕೆ ಸ್ಪೇಸನ್ನು ವಿಭಜಕವಾಗಿ ಕೊಟ್ಟು ಐದನೆಯ ಕಾಲಂ ಕೇಳಿದೆ. ಕೆಲವು ಸಾಲುಗಳಲ್ಲಿ ಗಾತ್ರ ಬರುತ್ತದೆ, ಕೆಲವು ಖಾಲಿ. ಏಕೆ ಹೀಗೆ?

ಉತ್ತರ: ಖಾಲಿ ಬಂದ ಒಂದು ಸಾಲನ್ನು ಮೂಲ ಪಟ್ಟಿಯಲ್ಲಿ ಹುಡುಕಿ ನೋಡಿ. ಗಾತ್ರದ ಅಂಕಿಗಳು ಬಲಕ್ಕೆ ಸಾಲಾಗಿ ನಿಲ್ಲಲೆಂದು ‘ಎಲ್‌ಎಸ್’ ಎಡಗಡೆ ಸ್ಪೇಸ್ ತುಂಬಿರುತ್ತದೆ. ಅತಿ ದೊಡ್ಡ ಕಡತ 48213 ಬೈಟ್ ಇದ್ದರೆ, 120 ಬೈಟ್‌ನ ಕಡತದ ಮುಂದೆ ಎರಡು ಸ್ಪೇಸ್ ಹೆಚ್ಚು. ‘ಕಟ್’ ಪ್ರತಿ ಸ್ಪೇಸನ್ನೂ ಒಂದೊಂದು ಗಡಿಯೆಂದೇ ಎಣಿಸುತ್ತದೆ. ಹಾಗಾಗಿ ಆ 120 ಏಳನೆಯ ಕಾಲಮ್ಮಿಗೆ ಸರಿದುಹೋಗಿರುತ್ತದೆ.

ಇಲ್ಲಿ ಬೇಕಾದದ್ದು ‘ಆಕ್’. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಹಾನ್ ಬರೆದ ಈ ಪುಟ್ಟ ಭಾಷೆಯನ್ನು ಕಲಿಯಿರಿ ಎಂದು ನಾನು ಎಲ್ಲ ಹೊಸಬರಿಗೂ ಒತ್ತಾಯಿಸುತ್ತೇನೆ. ಎಷ್ಟೇ ಸ್ಪೇಸ್, ಟ್ಯಾಬ್ ಒಟ್ಟಿಗೆ ಬಂದರೂ ಅದು ಒಂದೇ ಗಡಿಯೆಂದು ತಿಳಿಯುತ್ತದೆ. ಐದನೆಯ ಕಾಲಂ ಬೇಕಾದರೆ ‘ಪ್ರಿಂಟ್ $5’ ಎಂದರಾಯಿತು. ಆ ಸೂಚನೆಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಜೋಡಿ ಚಿಹ್ನೆ ಹಾಕಿದರೆ $5 ಅನ್ನು ಶೆಲ್ (ನೀವು ಟೈಪಿಸಿದ ಆದೇಶ ಓದಿ ನಡೆಸುವ ತಂತ್ರಾಂಶ) ಮೊದಲೇ ತನ್ನದೆಂದು ಓದಿ ಖಾಲಿ ಮಾಡಿಬಿಡುತ್ತದೆ. ಆಗ ಪೂರ್ತಿ ಸಾಲೇ ಮುದ್ರಣವಾಗುತ್ತದೆ.

‘ಕಟ್’ ಅನ್ನು ಕೈಬಿಡಬೇಡಿ. ಯುನಿಕ್ಸ್‌ನ ಪಾಸ್‌ವರ್ಡ್ ಕಡತದಲ್ಲಿ ಸಾಲಿಗೆ 7 ಕ್ಷೇತ್ರ, ನಡುವೆ ಒಂದೊಂದೇ ಕೋಲನ್. ಅಂಥ ಕಡೆ ಅದು ಚೊಕ್ಕವಾಗಿ ಕೆಲಸ ಮಾಡುತ್ತದೆ. ಆದರೆ ಕಾಲಮ್ಮುಗಳ ಕ್ರಮ ಬದಲಿಸಲು ಅದಕ್ಕೆ ಬಾರದು: 3,1 ಎಂದು ಕೇಳಿದರೂ ಮೊದಲು 1, ಆಮೇಲೆ 3 ಕೊಡುತ್ತದೆ. ವಿಭಜಕವೇ ಇಲ್ಲದ ಸಾಲನ್ನು ಇಡಿಯಾಗಿ ಮುದ್ರಿಸುತ್ತದೆ. ಅದು ಬೇಡವಾದರೆ ‘-ಎಸ್’ ಆಯ್ಕೆ ಸೇರಿಸಿ.

ಅಲ್ಪವಿರಾಮದಿಂದ ಕಾಲಮ್ಮುಗಳನ್ನು ಬೇರ್ಪಡಿಸುವ ಸಿಎಸ್‌ವಿ ಕಡತಗಳ ವಿಷಯದಲ್ಲಿ ಮಾತ್ರ ಎಚ್ಚರ. ಉದ್ಧರಣ ಚಿಹ್ನೆಯೊಳಗಿನ ಅಲ್ಪವಿರಾಮವನ್ನೂ ‘ಕಟ್’ ಗಡಿಯೆಂದೇ ಕತ್ತರಿಸುತ್ತದೆ, ಸಾಮಾನ್ಯ ‘ಆಕ್’ ಕೂಡ ಹಾಗೆಯೇ. ಅದಕ್ಕೆ ಸಿಎಸ್‌ವಿ ಆಯ್ಕೆಯಿರುವ ಹೊಸ ‘ಗಾಕ್’ (‘ಆಕ್’ನದೇ ಒಂದು ರೂಪ) ಅಥವಾ ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಬಳಸಿ.

ನಿಮ್ಮ ಪಟ್ಟಿಯ ಮಾತಿಗೆ ಬಂದರೆ, ಗಾತ್ರವಷ್ಟೇ ಬೇಕಿದ್ದಾಗ ‘ಸ್ಟ್ಯಾಟ್’ ಆದೇಶವನ್ನೇ ಕೇಳುವುದು ಮೇಲು. ಹೆಸರೂ ಬೇಕಾದರಂತೂ ಅದೇ ಸರಿ, ಏಕೆಂದರೆ ಹೆಸರಿನಲ್ಲೇ ಸ್ಪೇಸ್ ಇರುವ ಕಡತವನ್ನು ‘ಆಕ್’ ಕೂಡ ತುಂಡು ಮಾಡುತ್ತದೆ.