250ರ ಟ್ಯಾಪ್‌ಗೆ ಹಾಕಿದರೆ ವೋಲ್ಟೇಜ್ ಇಳಿಯುವುದೇಕೆ?

ಪ್ರಶ್ನೆ: ಸರ್, ನನ್ನ ಹತ್ತಿರ ಒಂದು ಹಳೆಯ ಆಂಪ್ಲಿಫೈಯರ್ ಇದೆ. ಅದರ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕಡೆ, ಅಂದರೆ ಪ್ಲಗ್ಗಿನ ಕರೆಂಟು ಹೋಗುವ ಸುರುಳಿಯಲ್ಲಿ, 0, 210, 230, 250 ಎಂದು ಬರೆದ ನಾಲ್ಕು ತುದಿಗಳಿವೆ (ಟ್ಯಾಪ್ ಎನ್ನುವುದು ಇವನ್ನೇ). ಸೆಕೆಂಡರಿ, ಅಂದರೆ ಔಟ್‌ಪುಟ್ ಕೊಡುವ ಸುರುಳಿ, 24 ವೋಲ್ಟಿನದು. ವೈರನ್ನು 230ಕ್ಕೆ ಜೋಡಿಸಿತ್ತು. ಸಂಜೆ ಹೊತ್ತು ಪ್ಲಗ್ಗಿನಲ್ಲಿ 208 ವೋಲ್ಟ್ ಮಾತ್ರ ಬರುತ್ತದೆ. ಆಗ ಲೋಡ್ ಹಾಕಿ ಅಳೆದರೆ ಸೆಕೆಂಡರಿಯಲ್ಲಿ 21.7 ವೋಲ್ಟ್ ಸಿಕ್ಕಿತು. 250ಕ್ಕೆ ಹಾಕಿದರೆ ಜಾಸ್ತಿ ಬರಬಹುದು ಎಂದು ಬದಲಾಯಿಸಿದೆ. ನೋಡಿದರೆ 20ಕ್ಕೆ ಇಳಿಯಿತು! ದೊಡ್ಡ ಸಂಖ್ಯೆಗೆ ಹಾಕಿದರೆ ವೋಲ್ಟೇಜ್ ಕಡಿಮೆ ಆಗುವುದು ಹೇಗೆ?

ಉತ್ತರ: ನೀವು ಮೊದಲು ಅಳೆದು ಆಮೇಲೆ ಕೇಳಿದ್ದೀರಿ, ಅದಕ್ಕೆ ತುಂಬಾ ಖುಷಿಯಾಯಿತು. ನಿಮ್ಮ ಅಳತೆಯಲ್ಲಿ ತಪ್ಪೇನೂ ಇಲ್ಲ. ತುದಿಯ ಮೇಲಿನ ಸಂಖ್ಯೆಯನ್ನು ಓದಿಕೊಂಡ ರೀತಿಯಲ್ಲಿ ಮಾತ್ರ ಸ್ವಲ್ಪ ಗೊಂದಲವಿದೆ. 250 ಎಂದರೆ "ಇಲ್ಲಿ ಹಾಕಿದರೆ ಜಾಸ್ತಿ ಬರುತ್ತದೆ" ಎಂದಲ್ಲ. "ಪ್ಲಗ್ಗಿನಲ್ಲಿ 250 ವೋಲ್ಟ್ ಬರುತ್ತಿದ್ದರೆ ಇಲ್ಲಿ ಹಾಕಿ, ಆಗ ಸೆಕೆಂಡರಿಯಲ್ಲಿ 24 ಸಿಗುತ್ತದೆ" ಎಂದು ಅರ್ಥ.

ಒಳಗೆ ಏನಾಗುತ್ತಿದೆ ನೋಡೋಣ. ಪ್ರೈಮರಿಯಲ್ಲಿ ಎ.ಸಿ. ಕರೆಂಟು ಹರಿದಾಗ ಕೋರ್‌ನಲ್ಲಿ (ಸುರುಳಿಗಳ ನಡುವಿನ ಉಕ್ಕಿನ ತಿರುಳಿನಲ್ಲಿ) ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಕೋರ್‌ನ ಸುತ್ತ ಇರುವ ಪ್ರತಿಯೊಂದು ಸುತ್ತಿನ ಒಳಗೂ ಹಾದು ಹೋಗುವುದು ಇದೇ ಕಾಂತಕ್ಷೇತ್ರ. ಹಾಗಾಗಿ ಪ್ರೈಮರಿಯದ್ದಾಗಲಿ, ಸೆಕೆಂಡರಿಯದ್ದಾಗಲಿ, ಒಂದೊಂದು ಸುತ್ತಿಗೂ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್. ಟ್ರಾನ್ಸ್‌ಫಾರ್ಮರ್ ಸುತ್ತುವವರು ಲೆಕ್ಕ ಶುರು ಮಾಡುವುದೇ ಇಲ್ಲಿಂದ: ಒಂದು ಸುತ್ತಿಗೆ ಎಷ್ಟು ವೋಲ್ಟ್?

ಲೆಕ್ಕಕ್ಕೆ ಸುಲಭವಾಗಲಿ ಎಂದು ಒಂದು ವೋಲ್ಟಿಗೆ ನಾಲ್ಕು ಸುತ್ತು ಎಂದಿಟ್ಟುಕೊಳ್ಳೋಣ. ಆಗ 210ರ ತುದಿಯವರೆಗೆ 840 ಸುತ್ತು, 230ರವರೆಗೆ 920, 250ರವರೆಗೆ 1000. 24 ವೋಲ್ಟಿನ ಸೆಕೆಂಡರಿಗೆ 96 ಸುತ್ತು. ಪ್ಲಗ್ಗಿನಿಂದ ಬಂದ ವೋಲ್ಟೇಜನ್ನು ಪ್ರೈಮರಿಯ ಸುತ್ತುಗಳು ಸಮನಾಗಿ ಹಂಚಿಕೊಳ್ಳುತ್ತವೆ. ಹಂಚಿಕೊಳ್ಳುವವರು ಜಾಸ್ತಿಯಾದರೆ ಒಬ್ಬೊಬ್ಬರ ಪಾಲು ಕಡಿಮೆ, ಅಲ್ವಾ? ಇಲ್ಲಿಯೂ ಹಾಗೆಯೇ. 208 ವೋಲ್ಟನ್ನು 920 ಸುತ್ತುಗಳಿಗೆ ಹಂಚಿದರೆ ಒಂದು ಸುತ್ತಿಗೆ 0.226 ವೋಲ್ಟ್. ಅದನ್ನು 96ರಿಂದ ಗುಣಿಸಿ: 21.7. ಅದೇ 208ನ್ನು 1000 ಸುತ್ತುಗಳಿಗೆ ಹಂಚಿದರೆ ಪಾಲು 0.208ಕ್ಕೆ ಇಳಿಯುತ್ತದೆ. ಈಗ 96 ಸುತ್ತುಗಳಲ್ಲಿ ಸಿಗುವುದು 20 ವೋಲ್ಟ್. ನಿಮ್ಮ ಮೀಟರ್ ತೋರಿಸಿದ್ದೂ ಇದನ್ನೇ.

ಹಾಗಾದರೆ 210ಕ್ಕೆ ಹಾಕಿದರೆ? ಒಂದು ಸುತ್ತಿನ ಪಾಲು 0.2476 ವೋಲ್ಟ್ ಆಗುತ್ತದೆ. ಸೆಕೆಂಡರಿಯಲ್ಲಿ 23.8 ಸಿಗುತ್ತದೆ. ಅಂದರೆ ಪ್ರೈಮರಿಯಲ್ಲಿ ಸುತ್ತು ಕಡಿಮೆ ಮಾಡಿದರೆ ಔಟ್‌ಪುಟ್ ಏರುತ್ತದೆ, ಸೆಕೆಂಡರಿಯಲ್ಲಿ ಕಡಿಮೆ ಮಾಡಿದರೆ ಇಳಿಯುತ್ತದೆ. ಟ್ಯಾಪ್ ಯಾವ ಕಡೆ ಇದೆ ಎಂದು ಮೊದಲು ನೋಡಿಕೊಳ್ಳಿ.

ಆದರೆ ಈ ಉತ್ತರ ಓದಿದ ಕೂಡಲೇ 210ಕ್ಕೆ ಬದಲಾಯಿಸಿ ಮರೆತುಬಿಡಬೇಡಿ. ನಿಮ್ಮಲ್ಲಿ ಸಂಜೆ 208 ಬರುತ್ತದೆ, ಸರಿ. ನಡುರಾತ್ರಿ ಎಲ್ಲರೂ ದೀಪ ಆರಿಸಿ ಮಲಗಿದ ಮೇಲೆ ಎಷ್ಟು ಬರುತ್ತದೆ? ಅದನ್ನೂ ಅಳೆಯಿರಿ. 245 ವೋಲ್ಟಿಗೆ ಏರಿದರೆ 840 ಸುತ್ತುಗಳಲ್ಲಿ ಒಂದೊಂದರ ಪಾಲು 0.29 ದಾಟುತ್ತದೆ. ಸೆಕೆಂಡರಿಯಲ್ಲಿ 28 ವೋಲ್ಟ್ ಬರುತ್ತದೆ. ಇದರಿಂದ ಎರಡು ತೊಂದರೆ.

ಒಂದು, ಆಂಪ್ಲಿಫೈಯರಿನ ಕೆಪಾಸಿಟರ್‌ಗಳದ್ದು. 24 ವೋಲ್ಟ್ ಎ.ಸಿ.ಯನ್ನು ಡಯೋಡ್ ಬ್ರಿಡ್ಜ್ ಡಿ.ಸಿ. ಮಾಡಿದಾಗ ಕೆಪಾಸಿಟರ್ ತುಂಬಿಕೊಳ್ಳುವುದು ಅಲೆಯ ತುದಿಯವರೆಗೆ, ಅಂದರೆ 1.414 ಪಟ್ಟು. ಡಯೋಡ್‌ಗಳಲ್ಲಿ ಹೋಗುವ 1.4 ವೋಲ್ಟ್ ಕಳೆದರೆ ಸುಮಾರು 32.5. ಅಲ್ಲಿ 35 ವೋಲ್ಟಿನ ಕೆಪಾಸಿಟರ್ ಹಾಕಿದ್ದರೆ ಹೇಗೋ ನಡೆಯುತ್ತದೆ. ಅದೇ 28 ವೋಲ್ಟ್ ಆದಾಗ ಡಿ.ಸಿ. 38 ದಾಟುತ್ತದೆ. ಆಗ ಆ ಕೆಪಾಸಿಟರ್ ಉಬ್ಬಬಹುದು, ಸಿಡಿಯಲೂಬಹುದು. ಮುಚ್ಚಳ ತೆಗೆದು ಕೆಪಾಸಿಟರ್ ಮೇಲೆ ಬರೆದ ವೋಲ್ಟೇಜ್ ಎಷ್ಟೆಂದು ಓದಿ. ಓದುವ ಮುಂಚೆ ಪ್ಲಗ್ ಕಿತ್ತಿಡಿ. ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಆದ್ದರಿಂದ ಕೈ ತಾಗಿಸಬೇಡಿ.

ಎರಡನೆಯ ತೊಂದರೆ ಕೋರ್‌ನದ್ದು. ಅದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಸುತ್ತಿನ ವೋಲ್ಟೇಜ್ ಸುಮ್ನೆ ಏರುವುದಿಲ್ಲ, ಕೋರ್‌ನಲ್ಲಿ ಕಾಂತಕ್ಷೇತ್ರವೂ ಅಷ್ಟೇ ಏರಬೇಕು. ಇದಕ್ಕೊಂದು ಸೂತ್ರವಿದೆ. 4.44, ಫ್ರೀಕ್ವೆನ್ಸಿ, ಕೋರ್‌ನ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ಕಾಂತಕ್ಷೇತ್ರದ ಗರಿಷ್ಠ ಸಾಂದ್ರತೆ, ಈ ನಾಲ್ಕನ್ನೂ ಗುಣಿಸಿದರೆ ಒಂದು ಸುತ್ತಿನ ವೋಲ್ಟೇಜ್ ಸಿಗುತ್ತದೆ. 10 ಚದರ ಸೆಂಟಿಮೀಟರಿನ (0.001 ಚದರ ಮೀಟರಿನ) ಕೋರ್, 50 ಹರ್ಟ್ಸ್, ಸಾಂದ್ರತೆ 1.2 ಟೆಸ್ಲಾ ಎಂದಿಟ್ಟರೆ 0.27 ವೋಲ್ಟಿನ ಹತ್ತಿರ ಬರುತ್ತದೆ. ಫ್ರೀಕ್ವೆನ್ಸಿಯನ್ನಾಗಲಿ ಕೋರ್‌ನ ಗಾತ್ರವನ್ನಾಗಲಿ ನಾವು ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಸುತ್ತಿನ ಪಾಲು ಏರಿತೆಂದರೆ ಭಾರವೆಲ್ಲ ಬೀಳುವುದು ಕಾಂತಕ್ಷೇತ್ರದ ಮೇಲೆ. ಕೋರ್‌ಗೆ ಬಳಸುವ ಸಿಲಿಕಾನ್ ಸ್ಟೀಲ್ ಸುಮಾರು 2 ಟೆಸ್ಲಾದ ಹತ್ತಿರ ಬಂದಾಗ ಕಾಂತಕ್ಷೇತ್ರದಿಂದ ತುಂಬಿಹೋಗುತ್ತದೆ. ಅದಕ್ಕೂ ಮೊದಲೇ, ಸ್ವಲ್ಪ ಹೆಚ್ಚು ಕಾಂತಕ್ಷೇತ್ರ ಬೇಕೆಂದರೂ ಪ್ರೈಮರಿ ತುಂಬಾ ಹೆಚ್ಚು ಕರೆಂಟು ಎಳೆಯಲು ಶುರು ಮಾಡುತ್ತದೆ. ಗುಂಯ್ ಎನ್ನುವ ಸದ್ದು ಜೋರಾಗುತ್ತದೆ. ಲೋಡ್ ಇಲ್ಲದಿದ್ದರೂ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. 210ರ ತುದಿಗೆ 245 ಕೊಟ್ಟರೆ ಕಾಂತಕ್ಷೇತ್ರ ತಯಾರಕರು ಲೆಕ್ಕ ಹಾಕಿದ್ದಕ್ಕಿಂತ ಶೇ. 17ರಷ್ಟು ಹೆಚ್ಚು. ಒಳ್ಳೆಯ ಟ್ರಾನ್ಸ್‌ಫಾರ್ಮರ್ ತಡೆದುಕೊಂಡೀತು. ಖರ್ಚು ಉಳಿಸಲು ಕೋರ್ ಚಿಕ್ಕದು ಮಾಡಿದ್ದರೆ ಬೇಗ ಸುಟ್ಟುಹೋಗುತ್ತದೆ.

ನನ್ನ ಸಲಹೆ ಇಷ್ಟು. ದಿನದ ಮೂರ್ನಾಲ್ಕು ಹೊತ್ತಿನಲ್ಲಿ ಪ್ಲಗ್ಗಿನ ವೋಲ್ಟೇಜ್ ಅಳೆದು ಬರೆದಿಡಿ. ಎಂದೂ 215 ದಾಟದಿದ್ದರೆ 210ರ ತುದಿ ಸರಿ. ರಾತ್ರಿ 230ರ ಮೇಲೆ ಹೋಗುತ್ತಿದ್ದರೆ ವೈರು 230ರಲ್ಲೇ ಇರಲಿ. ಸಂಜೆ ಸಿಗುವ 21.7 ವೋಲ್ಟಿನಿಂದ ಆಂಪ್ಲಿಫೈಯರಿಗೆ ಅಪಾಯವಿಲ್ಲ, ಸದ್ದು ಸ್ವಲ್ಪ ಕಡಿಮೆಯಾಗಬಹುದು ಅಷ್ಟೆ. ಅದೂ ಬೇಡವೆಂದರೆ ಸ್ಟೆಬಿಲೈಜರ್ ಹಾಕಿ. ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇರುವ ಸ್ಟೆಬಿಲೈಜರ್ ಮಾಡುವುದೂ ಟ್ಯಾಪ್ ಬದಲಾಯಿಸುವ ಕೆಲಸವನ್ನೇ. ನೀವು ಕೈಯಿಂದ ಮಾಡಿದ್ದನ್ನು ಅದು ವೋಲ್ಟೇಜ್ ನೋಡಿಕೊಂಡು ತಾನೇ ಮಾಡುತ್ತದೆ. ಆಗಾಗ ಕೇಳಿಸುವ ಟಕ್ ಎಂಬ ಸದ್ದು ಆ ರಿಲೇಯದ್ದು.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಸುತ್ತಿನ ಅನುಪಾತ ಔಟ್‌ಪುಟ್ ವೋಲ್ಟೇಜನ್ನು ಹಿಡಿದಿಡಬೇಕಾದರೆ ಪ್ರೈಮರಿಗೆ ಸಿಗುವ ವೋಲ್ಟೇಜ್ ಸ್ಥಿರವಾಗಿರಬೇಕು. 1880ರ ದಶಕದ ಶುರುವಿನಲ್ಲಿ ಗೊಲಾರ್ ಮತ್ತು ಗಿಬ್ಸ್ ಎಂಬ ಇಬ್ಬರು ತಮ್ಮ ಸಾಧನಗಳ ಪ್ರೈಮರಿಗಳನ್ನು ಒಂದರ ಹಿಂದೆ ಒಂದು, ಸೀರೀಸ್‌ನಲ್ಲಿ ಜೋಡಿಸುತ್ತಿದ್ದರು. ಒಂದು ಕಡೆ ದೀಪ ಆರಿಸಿದರೆ ಇನ್ನೊಂದು ಕಡೆಯ ವೋಲ್ಟೇಜ್ ಬದಲಾಗುತ್ತಿತ್ತು. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಮೂವರು ಎಂಜಿನಿಯರ್‌ಗಳಾದ ಜಿಪರ್ನೋವ್‌ಸ್ಕಿ, ಬ್ಲಾತಿ ಮತ್ತು ಡೇರಿ ಮುಚ್ಚಿದ ಕೋರ್ ಮಾಡಿದರು, ಪ್ರೈಮರಿಗಳನ್ನು ಪ್ಯಾರಲಲ್ ಆಗಿ ಜೋಡಿಸಿದರು. ಆಮೇಲೆಯೇ ಸುತ್ತು ಎಣಿಸಿ ವೋಲ್ಟೇಜ್ ಹೇಳುವ ಲೆಕ್ಕ ನಿಜಜೀವನದಲ್ಲಿ ನಂಬುವಂತಾಯಿತು.

ಪ್ರಶ್ನೆ: 12 ವೋಲ್ಟ್ ಎಂದು ಬರೆದ ಚಿಕ್ಕ ಟ್ರಾನ್ಸ್‌ಫಾರ್ಮರ್ ಲೋಡ್ ಇಲ್ಲದಾಗ 14 ತೋರಿಸುತ್ತದೆ. ಸುತ್ತಿನ ಲೆಕ್ಕ ತಪ್ಪಿದೆಯೇ?

ಉತ್ತರ: ತಪ್ಪಿಲ್ಲ. ಬರೆದಿರುವ 12 ವೋಲ್ಟ್ ಪೂರ್ತಿ ಲೋಡ್ ಇದ್ದಾಗಿನದು. ತಂತಿಯಲ್ಲಿ ಸ್ವಲ್ಪ ವೋಲ್ಟೇಜ್ ಕಳೆದುಹೋಗುತ್ತದೆ, ಚಿಕ್ಕ ಟ್ರಾನ್ಸ್‌ಫಾರ್ಮರುಗಳಲ್ಲಿ ತಂತಿ ತೆಳುವಾದ್ದರಿಂದ ಇದು ಜಾಸ್ತಿ. ಅದನ್ನು ತುಂಬಿಕೊಡಲು ಸೆಕೆಂಡರಿಯಲ್ಲಿ ಕೆಲವು ಸುತ್ತು ಹೆಚ್ಚಿಗೆ ಹಾಕಿರುತ್ತಾರೆ. ಮೇಲೆ ಮಾಡಿದ ಲೆಕ್ಕದಲ್ಲಿ ಈ ಹೆಚ್ಚಿನ ಸುತ್ತುಗಳನ್ನು ನಾನು ಬಿಟ್ಟಿದ್ದೆ. ನಿಮ್ಮದರ ನಿಜವಾದ ಅನುಪಾತ 230ಕ್ಕೆ 14. ಇದೇ ಟ್ರಾನ್ಸ್‌ಫಾರ್ಮರನ್ನು ಹಿಂದುಮುಂದಾಗಿ ಬಳಸಿ 12 ವೋಲ್ಟ್ ಎ.ಸಿ. ಕೊಟ್ಟರೆ ಆ ಕಡೆ 230 ಬರುವುದಿಲ್ಲ, ಸುಮಾರು 197 ಬರುತ್ತದೆ. ಕಡಿಮೆ ಬಂತೆಂದು ಮುಟ್ಟಬೇಡಿ, ಅದೂ ಜೀವ ತೆಗೆಯುವ ವೋಲ್ಟೇಜೇ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿನಿ. ವಿತರಣಾ ಟ್ರಾನ್ಸ್‌ಫಾರ್ಮರಿನಲ್ಲಿ 1ರಿಂದ 5ರವರೆಗೆ ಗುರುತು ಇರುವ ಹಿಡಿಕೆ ನೋಡಿದೆ. ಟ್ಯಾಪ್‌ಗಳು ಯಾವಾಗಲೂ ಹೈವೋಲ್ಟೇಜ್ ಕಡೆಗೇ ಏಕೆ ಇರುತ್ತವೆ? ಕರೆಂಟ್ ಇದ್ದಾಗಲೇ ಆ ಹಿಡಿಕೆ ತಿರುಗಿಸಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಖಂಡಿತ ಕೂಡದು. ನೀವು ನೋಡಿದ್ದು ಆಫ್-ಸರ್ಕ್ಯೂಟ್ ಟ್ಯಾಪ್ ಚೇಂಜರ್. ಎರಡೂ ಕಡೆಯ ಸಂಪರ್ಕ ತಪ್ಪಿಸಿ, ಅರ್ಥ್ ಮಾಡಿದ ಮೇಲೆಯೇ, ಆ ಕೆಲಸಕ್ಕೆ ಅಧಿಕಾರ ಇರುವವರೇ ಅದನ್ನು ತಿರುಗಿಸಬೇಕು. ಕರೆಂಟ್ ಇರುವಾಗ ತಿರುಗಿಸಿದರೆ ಸಂಪರ್ಕ ಬಿಡುವ ಜಾಗದಲ್ಲಿ ಆರ್ಕ್, ಅಂದರೆ ಆರದೆ ಉರಿಯುವ ವಿದ್ಯುತ್ ಕಿಡಿ, ಹತ್ತಿಕೊಳ್ಳುತ್ತದೆ. ಸುತ್ತಲೂ ಎಣ್ಣೆ ಇರುತ್ತದೆ. ಟ್ಯಾಂಕೇ ಒಡೆಯಬಹುದು, ಪಕ್ಕದಲ್ಲಿ ನಿಂತವರು ಉಳಿಯದೆ ಇರಬಹುದು.

11,000 ವೋಲ್ಟಿನ ಟ್ರಾನ್ಸ್‌ಫಾರ್ಮರಿನಲ್ಲಿ ಸಾಮಾನ್ಯವಾಗಿ ಶೇ. 2.5ರ ಮೆಟ್ಟಿಲುಗಳಿರುತ್ತವೆ: 11,550, 11,275, 11,000, 10,725, 10,450. ಔಟ್‌ಪುಟ್ 400 ವೋಲ್ಟ್ ಎಂದುಕೊಳ್ಳಿ. ಲೈನಿನ ಕೊನೆಯಲ್ಲಿ 10,450 ಮಾತ್ರ ಬರುತ್ತಿದ್ದರೆ 11,000ದ ಟ್ಯಾಪ್‌ನಲ್ಲಿ 380 ಸಿಗುತ್ತದೆ. 10,450ರ ಟ್ಯಾಪ್‌ಗೆ ಹಾಕಿದರೆ ಮತ್ತೆ 400. ಮೊದಲ ಪ್ರಶ್ನೆಯ ಆಂಪ್ಲಿಫೈಯರ್ ಕಥೆಯೇ, ದೊಡ್ಡ ಗಾತ್ರದಲ್ಲಿ.

ಹೈವೋಲ್ಟೇಜ್ ಕಡೆ ಏಕೆಂದರೆ ಅಲ್ಲಿ ಕರೆಂಟು ಕಡಿಮೆ. 11,000ದಿಂದ 400ಕ್ಕೆ ಇಳಿಸುವಾಗ ಕರೆಂಟು 27.5 ಪಟ್ಟು ಏರುತ್ತದೆ. ಅಷ್ಟು ಕರೆಂಟು ಹೊರುವ ಸ್ವಿಚ್ ಮಾಡುವುದಕ್ಕಿಂತ ಈ ಕಡೆ ಮಾಡುವುದು ಸುಲಭ. ಜೊತೆಗೆ ಲೋವೋಲ್ಟೇಜ್ ಕಡೆ ಸುತ್ತುಗಳೇ ಕೆಲವು ಹತ್ತುಗಳಷ್ಟು. 20 ಸುತ್ತಿದ್ದರೆ ಒಂದು ಸುತ್ತು ಬಿಟ್ಟರೂ ಶೇ. 5 ಬದಲಾಗುತ್ತದೆ, 2.5ರ ಮೆಟ್ಟಿಲು ಸಾಧ್ಯವೇ ಇಲ್ಲ. ಹೈವೋಲ್ಟೇಜ್ ಕಾಯಿಲ್ ಸಾಮಾನ್ಯವಾಗಿ ಹೊರಪದರದಲ್ಲಿ ಇರುವುದರಿಂದ ಟ್ಯಾಪ್ ತಂತಿ ಹೊರತರುವುದೂ ಸಲೀಸು. "ಯಾವಾಗಲೂ" ಎಂದಿರಿ, ಹಾಗೇನಿಲ್ಲ. ಕೆಲವು ವಿಶೇಷ ಟ್ರಾನ್ಸ್‌ಫಾರ್ಮರುಗಳಲ್ಲಿ ಇನ್ನೊಂದು ಕಡೆಯೂ ಇರುತ್ತವೆ.

ದೊಡ್ಡ ಸಬ್‌ಸ್ಟೇಷನ್‌ಗಳಲ್ಲಿ ಟ್ಯಾಪ್ ಬದಲಾಯಿಸಲು ಊರಿಗೆಲ್ಲ ಕರೆಂಟ್ ತೆಗೆಯಲು ಆಗುವುದಿಲ್ಲವಲ್ಲ. ಅಲ್ಲಿ ಆನ್-ಲೋಡ್ ಟ್ಯಾಪ್ ಚೇಂಜರ್ ಇರುತ್ತದೆ. ಈ ಯಂತ್ರ ನನಗೆ ತುಂಬಾ ಇಷ್ಟ, ಅದಕ್ಕೆ ಎರಡು ಮಾತು ಹೆಚ್ಚಿಗೆ ಹೇಳುತ್ತೇನೆ. ಹಳೆಯ ಟ್ಯಾಪ್ ಬಿಟ್ಟು ಹೊಸದನ್ನು ಹಿಡಿಯಲು ಹೋದರೆ ನಡುವೆ ಕರೆಂಟು ಕಡಿಯುತ್ತದೆ. ಹೊಸದನ್ನು ಹಿಡಿದು ಆಮೇಲೆ ಹಳೆಯದನ್ನು ಬಿಟ್ಟರೆ, ಎರಡು ಟ್ಯಾಪ್‌ಗಳ ನಡುವಿನ ಸುತ್ತುಗಳು ಕ್ಷಣಕಾಲ ಶಾರ್ಟ್ ಆಗುತ್ತವೆ. ಇದಕ್ಕೆ ಉಪಾಯ, ಆ ಕ್ಷಣಕ್ಕೆ ಮಾತ್ರ ನಡುವೆ ರೆಸಿಸ್ಟರ್ ಸೇರಿಸುವುದು. ಶಾರ್ಟ್ ಆದ ಸುತ್ತುಗಳ ಕರೆಂಟನ್ನು ಅದು ಮಿತಿಯಲ್ಲಿಡುತ್ತದೆ, ಲೋಡ್ ಕರೆಂಟೂ ಕಡಿಯುವುದಿಲ್ಲ. ಜರ್ಮನಿಯ ಬರ್ನ್‌ಹಾರ್ಡ್ ಯಾನ್ಸೆನ್ 1927ರಲ್ಲಿ ರೂಪಿಸಿದ ವಿಧಾನವಿದು. ರೆಸಿಸ್ಟರ್ ಜಾಸ್ತಿ ಹೊತ್ತು ಸರ್ಕ್ಯೂಟಿನಲ್ಲಿ ಉಳಿದರೆ ಸುಟ್ಟುಹೋಗುತ್ತದೆ. ಆದ್ದರಿಂದ ಮೋಟರ್ ಮೊದಲು ಒಂದು ಸ್ಪ್ರಿಂಗನ್ನು ಬಿಗಿಯುತ್ತದೆ. ಸ್ಪ್ರಿಂಗ್ ಬಿಟ್ಟಾಗ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಬದಲಾವಣೆ ಮುಗಿಯುತ್ತದೆ. ನಡುವೆ ಮೋಟರಿನ ಕರೆಂಟ್ ಹೋದರೂ ಅರ್ಧಕ್ಕೆ ನಿಲ್ಲುವುದಿಲ್ಲ. ನೀವು ಓದುವಾಗ ಈ ಭಾಗದ ಚಿತ್ರವನ್ನು ಕೈಯಲ್ಲಿ ಬರೆದು, ಒಂದೊಂದು ಹಂತದಲ್ಲೂ ಕರೆಂಟು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಗೆರೆ ಎಳೆದು ನೋಡಿ.

ಪ್ರಶ್ನೆ: ನನ್ನ ಬಳಿ ಇರುವ ಉಂಗುರದಾಕಾರದ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ 24 ವೋಲ್ಟ್. ನನಗೆ 26 ಬೇಕು. ಬಿಚ್ಚದೆ ಸುತ್ತು ಲೆಕ್ಕ ಹಾಕಿ ಬದಲಾಯಿಸಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಉಂಗುರದ ನಡುವೆ ತೂತು ಇರುವುದು ನಿಮ್ಮ ಅದೃಷ್ಟ. ಪ್ಲಗ್ ಕಿತ್ತು, ಇನ್ಸುಲೇಷನ್ ಇರುವ ವೈರನ್ನು ತೂತಿನೊಳಗೆ ಹಾಯಿಸಿ 10 ಸುತ್ತು ಹಾಕಿ. ತುದಿಗಳನ್ನು ಬಿಡಿಯಾಗಿಡಿ. ಮೊದಲ ಸಲ 60 ವಾಟಿನ ಹಳೇ ತಂತಿ ಬಲ್ಬನ್ನು ಪ್ರೈಮರಿಗೆ ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸಿ. ಮಂಕಾಗಿದ್ದರೆ ಅಥವಾ ಉರಿಯದಿದ್ದರೆ ಬಲ್ಬ್ ತೆಗೆದು ನೇರವಾಗಿ ಕೊಟ್ಟು 10 ಸುತ್ತಿನ ತುದಿಗಳಲ್ಲಿ ಎ.ಸಿ. ವೋಲ್ಟೇಜ್ ಅಳೆಯಿರಿ. 2.5 ಬಂದರೆ ಒಂದು ಸುತ್ತಿಗೆ ಕಾಲು ವೋಲ್ಟ್. ಆಗ ನಿಮಗೆ ಬೇಕಾದ 2 ವೋಲ್ಟಿಗೆ 8 ಸುತ್ತು ಸಾಕು.

ಆ 8 ಸುತ್ತನ್ನು ಸೆಕೆಂಡರಿಗೆ ಸೀರೀಸ್‌ನಲ್ಲಿ ಸೇರಿಸಿ. ದಿಕ್ಕು ಸರಿ ಇದ್ದರೆ 26, ಉಲ್ಟಾ ಆದರೆ 22 ಬರುತ್ತದೆ. ಉಲ್ಟಾ ಬಂದರೆ ಹೊಸ ವೈರಿನ ಎರಡು ತುದಿಗಳನ್ನು ಅದಲುಬದಲು ಮಾಡಿ. ವೈರಿನ ದಪ್ಪ ಹಳೆಯ ಸೆಕೆಂಡರಿಯಷ್ಟೇ ಇರಲಿ. ಟ್ರಾನ್ಸ್‌ಫಾರ್ಮರಿನ ಒಟ್ಟು ಸಾಮರ್ಥ್ಯ ಹೆಚ್ಚುವುದಿಲ್ಲ, ಆದ್ದರಿಂದ ವೋಲ್ಟೇಜ್ ಏರಿಸಿದಷ್ಟು ಕರೆಂಟನ್ನು ಕಡಿಮೆ ಮಾಡಿಕೊಳ್ಳಬೇಕು.

ಮತ್ತೆ ಪೆಟ್ಟಿಗೆಯಲ್ಲಿ ಕೂರಿಸುವಾಗ ಒಂದು ಎಚ್ಚರಿಕೆ. ನಡುವಿನ ಬೋಲ್ಟಿನ ಮೇಲಿನ ತುದಿ ಲೋಹದ ಮುಚ್ಚಳಕ್ಕೆ, ಕೆಳಗಿನ ತುದಿ ಲೋಹದ ತಳಕ್ಕೆ ತಾಗದಂತೆ ನೋಡಿಕೊಳ್ಳಿ. ಎರಡೂ ತಾಗಿದರೆ ಬೋಲ್ಟು ಮತ್ತು ಪೆಟ್ಟಿಗೆ ಸೇರಿ ಒಂದು ಪೂರ್ತಿ ಸುತ್ತಾಗುತ್ತದೆ, ಅದೂ ಶಾರ್ಟ್ ಆದ ಸುತ್ತು. ಅದರಲ್ಲಿ ಹುಟ್ಟುವುದು ಕಾಲು ವೋಲ್ಟ್ ಮಾತ್ರ. ಆದರೆ ಅಷ್ಟು ದಪ್ಪ ಲೋಹದಲ್ಲಿ ತಡೆಯೇ ಇಲ್ಲದಂತಾಗಿ ಭಾರಿ ಕರೆಂಟು ಹರಿಯುತ್ತದೆ. ಪ್ರೈಮರಿಯ ಫ್ಯೂಸ್ ಹಾರುತ್ತದೆ, ಫ್ಯೂಸ್ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ.