ಅದಿರು ಇರುವಾಗಲೇ ಆಗಬೇಕಾದ ಕೆಲಸ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ನಮ್ಮ ಸಂಡೂರಿನ ಬೆಟ್ಟ, ಕಾಡಿನ ಬಗ್ಗೆ ಬಂದ ಲೇಖನ ಓದಿ ಬೇಜಾರಾಯಿತು. ಗಣಿ ನಿಲ್ಲಲಿ ಅಂತ ಬರೆಯುವುದು ಸುಲಭ. 2011ರಲ್ಲಿ ಗಣಿ ನಿಂತಾಗ ನಮ್ಮಪ್ಪ ಸಾಲ ಮಾಡಿ ತಂದ ಲಾರಿ ಮನೆ ಮುಂದೆ ನಿಂತುಬಿಟ್ಟಿತು. ಕಂತು ಕಟ್ಟಲಾಗದೆ ಬಂದ ಬೆಲೆಗೆ ಮಾರಿದೆವು. ಈಗ ನಾನು ಮೈನ್ಸ್‌ನಲ್ಲಿ ಕೆಲಸಕ್ಕಿದ್ದೇನೆ. ಮಗ ಹತ್ತನೇ ಕ್ಲಾಸು. ಅವನೂ ಮೈನ್ಸಿಗೇ ಬರುತ್ತೇನೆ ಅನ್ನುತ್ತಾನೆ. ಬೇಡ ಅನ್ನುವುದಕ್ಕೆ ನನಗೆ ಬೇರೆ ದಾರಿ ಕಾಣುತ್ತಿಲ್ಲ. ನಿಮಗೆ ಕಂಡರೆ ಹೇಳಿ.” — ಸಂಡೂರು ತಾಲ್ಲೂಕಿನ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ಲೇಖನವನ್ನೂ ತೆಗೆದು ಮತ್ತೆ ಓದಿದೆ. ಅದರಲ್ಲಿ ಮರಗಳ ಲೆಕ್ಕ ಇದೆ, ನಿಮ್ಮ ಮನೆಯ ಲೆಕ್ಕ ಇಲ್ಲ. ಅಚ್ಚಿಗೆ ಕಳಿಸುವ ಮೊದಲು ಅದನ್ನು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕ್ಷಮಿಸಿ.

2011ರ ಮಾತಿನಿಂದಲೇ ಶುರು ಮಾಡುತ್ತೇನೆ. ಆ ವರ್ಷ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸರ್ಕಾರದ ಕೈಸೇರಿತು. ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಒಂದು ತಿಂಗಳೊಳಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ನಿಂತಿತು. ಆಗ ನಡೆಯುತ್ತಿದ್ದ ಲೂಟಿ ನೋಡಿದರೆ ನಿಲ್ಲಿಸಲೇಬೇಕಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಲೂಟಿ ಮಾಡಿದವರೇ ಬೇರೆ, ಬೆಲೆ ತೆತ್ತವರೇ ಬೇರೆ. ಲಾರಿಯ ಕಂತು ಕಟ್ಟುವವರು, ಡ್ರೈವರ್‌, ಕ್ಲೀನರ್‌, ಪಂಕ್ಚರ್ ಅಂಗಡಿಯವರು, ರಸ್ತೆ ಪಕ್ಕ ಇಡ್ಲಿ ಮಾರುತ್ತಿದ್ದ ಹೆಂಗಸರು. ಇವರ್‍ಯಾರೂ ಗಡಿ ಕಲ್ಲು ಕಿತ್ತು ಕಾಡಿಗೆ ನುಗ್ಗಿದವರಲ್ಲ. ಮುಂದೇನು ಎಂದು ಇವರನ್ನು ಕೇಳಿದವರೂ ಇಲ್ಲ.

ಆಮೇಲೆ ಗಣಿ ಮತ್ತೆ ಶುರುವಾಯಿತು. ಬಳ್ಳಾರಿಗೆ ವರ್ಷಕ್ಕೆ ಇಷ್ಟೇ ಎಂದು ಕೋರ್ಟ್ 2.5 ಕೋಟಿ ಟನ್ನಿನ ಮಿತಿ ಹಾಕಿತು. 2022ರಲ್ಲಿ ಅದನ್ನು 3.5 ಕೋಟಿ ಟನ್ನಿಗೆ ಏರಿಸಿತು. ಹಾಗಾಗಿ ‘ಇನ್ನೇನು ಭಯ ಇಲ್ಲ’ ಎನ್ನುವ ಮಾತು ನಿಮ್ಮ ಕಡೆ ಈಗ ಜಾಸ್ತಿ ಕೇಳುತ್ತದೆ. ನನಗೆ ದಿಗಿಲಾಗುವುದು ಆ ಮಾತು ಕೇಳಿದಾಗಲೇ.

ಯಾಕೆ ಅಂದರೆ, ಅದಿರು ಮುಗಿಯುವ ಮೊದಲೇ ಕೆಲಸ ಮುಗಿಯಬಹುದು. ಸಂಡೂರಿನ ಬೆಟ್ಟದಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪೈಪ್ ಕನ್ವೇಯರ್, ಅಂದರೆ ಅದಿರನ್ನು ಪೈಪಿನಂತೆ ಸುತ್ತಿ ಸಾಗಿಸುವ ಬೆಲ್ಟು, ಹಾಕಿದ್ದನ್ನು ನೀವೇ ನೋಡಿದ್ದೀರಿ. ಧೂಳಿಲ್ಲ, ಅಪಘಾತ ಇಲ್ಲ, ರಸ್ತೆ ಹಾಳಾಗುವುದಿಲ್ಲ. ಕೆಂಪು ಧೂಳು ಕುಡಿದು ಬದುಕಿದ ಊರುಗಳಿಗೆ ಅದು ಒಳ್ಳೆಯದೇ. ಆದರೆ ಆ ಪೈಪಿನೊಳಗೆ ಸಾಗುವ ಒಂದೊಂದು ಲೋಡೂ ಯಾರದೋ ಲಾರಿಯ ಬಾಡಿಗೆಯಾಗಿತ್ತು, ಅಲ್ವಾ? ನಿಮ್ಮ ಅಪ್ಪನ ಲಾರಿಯನ್ನು ಕೋರ್ಟ್ ಆದೇಶ ನಿಲ್ಲಿಸಿತು. ಮುಂದಿನ ಲಾರಿ ನಿಲ್ಲುವುದಕ್ಕೆ ಯಾವ ಆದೇಶವೂ ಬೇಕಾಗಿಲ್ಲ.

ನಮ್ಮ ರಾಜ್ಯದಲ್ಲೇ ಎರಡು ಗಣಿ ಊರುಗಳು ಈ ದಾರಿಯಲ್ಲಿ ಮೊದಲೇ ನಡೆದಿವೆ. ಕೆಜಿಎಫ್‌ಗೆ ನಾನು ಹಲವು ಸಲ ಹೋಗಿದ್ದೇನೆ. ಶಿವನಸಮುದ್ರದ ಕರೆಂಟು 1902ರಲ್ಲೇ ಅಲ್ಲಿಗೆ ಬಂದಿತ್ತು, ಬೆಂಗಳೂರಿನ ಬೀದಿಗಳಿಗಿಂತ ಮೊದಲು. ಮನೆ, ನೀರು, ದೀಪ, ಆಸ್ಪತ್ರೆ ಎಲ್ಲವೂ ಕಂಪನಿಯದೇ. ಆಳಕ್ಕೆ ಹೋದಷ್ಟೂ ಚಿನ್ನ ಕಡಿಮೆಯಾಗುತ್ತಾ, ಖರ್ಚು ಏರುತ್ತಾ ಬಂತು. ಕೊನೆಗೆ ಸುರಂಗ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಗಣಿ ಹೆಚ್ಚು ದಿನ ನಡೆಯುವುದಿಲ್ಲ ಎಂಬುದು ದಶಕಗಳ ಮೊದಲೇ ಎಲ್ಲರಿಗೂ ಗೊತ್ತಿತ್ತು. ಆದರೂ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದಾಗ ಊರಿನ ಕೈಯಲ್ಲಿ ಬೇರೇನೂ ಇರಲಿಲ್ಲ. ಗಣಿ ನಡೆಯುತ್ತಿದ್ದಾಗಲೇ ಬಂದ, ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ಮಾಡುವ ಬಿಇಎಂಎಲ್ ಕಾರ್ಖಾನೆ ಒಂದಷ್ಟು ಮನೆಗಳನ್ನು ಉಳಿಸಿತು. ಉಳಿದವರು? ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗಿ ನೋಡಿ. ಟಿಫಿನ್ ಡಬ್ಬಿ ಹಿಡಿದು ಬೆಂಗಳೂರಿನ ರೈಲು ಹತ್ತುವವರು ಅವರ ಮಕ್ಕಳು, ಮೊಮ್ಮಕ್ಕಳು. ರಾತ್ರಿ ವಾಪಸ್ ಬಂದು ಮಲಗುವುದಕ್ಕೆ ಮಾತ್ರ ಅವರಿಗೆ ಊರು. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಮಾತ್ರ ಎಲ್ಲಿಗೂ ಹೋಗಿಲ್ಲ.

ಕುದುರೆಮುಖದ ಕತೆ ಚಿಕ್ಕದು. ಅಲ್ಲಿ ಕೋರ್ಟ್ ಮೂರು ವರ್ಷದ ಗಡುವು ಕೊಟ್ಟಿತ್ತು. 2002ರಲ್ಲಿ ಆದೇಶ, 2005ರ ಕೊನೆಗೆ ಗಣಿ ಬಂದ್. ಕಂಪನಿ ಆ ಮೂರು ವರ್ಷದಲ್ಲಿ ತನ್ನ ದಾರಿ ಹುಡುಕಿಕೊಂಡಿತು. ಹೊರಗಿನಿಂದ ಅದಿರು ತರಿಸಿ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಘಟಕ ನಡೆಸಿತು. ಗಣಿಗಾಗಿಯೇ ಹುಟ್ಟಿದ ಊರು ಮಾತ್ರ ಖಾಲಿಯಾಯಿತು. ಕಂಪನಿ ಉಳಿದರೆ ಊರೂ ಉಳಿಯುತ್ತದೆ ಅಂದುಕೊಳ್ಳುವವರಿಗೆ ನಾನು ಯಾವಾಗಲೂ ಈ ಊರನ್ನು ತೋರಿಸುತ್ತೇನೆ.

ಬೇರೆ ರೀತಿ ಆದದ್ದೂ ಇದೆ. ಜರ್ಮನಿಯ ರೂರ್ ಪ್ರದೇಶದಲ್ಲಿ 1950ರ ದಶಕದ ಕೊನೆಗೇ ಕಲ್ಲಿದ್ದಲಿನ ಗಣಿಗಳು ಮುಚ್ಚಲು ಶುರುವಾದವು. ಕೊನೆಯ ಗಣಿ ಮುಚ್ಚಿದ್ದು 2018ರಲ್ಲಿ. ಅರವತ್ತು ವರ್ಷ! ಗಣಿಗಳು ಇನ್ನೂ ನಡೆಯುತ್ತಿದ್ದಾಗಲೇ, 1965ರಲ್ಲಿ, ಬೋಹುಮ್ ಪಟ್ಟಣದಲ್ಲಿ ಒಂದು ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಅದೇ ಊರಿಗೆ ಆ ಹೊತ್ತಿನಲ್ಲೇ ಒಪೆಲ್ ಕಾರು ಕಾರ್ಖಾನೆಯೂ ಬಂತು. ಕಾರು ಕಾರ್ಖಾನೆ 2014ರಲ್ಲಿ ಮುಚ್ಚಿತು. ವಿಶ್ವವಿದ್ಯಾಲಯ ಇದೆ. ಒಂದು ದೊಡ್ಡ ಕಂಪನಿ ಹೋಗಿ ಇನ್ನೊಂದು ದೊಡ್ಡ ಕಂಪನಿ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ಆಸೆ ನಮ್ಮಲ್ಲೂ ಇದೆ. ಅದಕ್ಕೇ ಇದನ್ನು ಬರೆದೆ.

ಅದೆಲ್ಲ ಸರಿ, ದುಡ್ಡು ಎಲ್ಲಿಂದ ಅನ್ನುತ್ತೀರಿ. ದುಡ್ಡು ನಿಮ್ಮ ಜಿಲ್ಲೆಯಲ್ಲೇ ಇದೆ. ನಾನು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಬ್ಬಿಣದ ಅದಿರಿನ ಬೆಲೆ ನೂರು ರೂಪಾಯಿ ಇದ್ದರೆ ಹದಿನೈದು ರೂಪಾಯಿ ರಾಯಲ್ಟಿ, ಅಂದರೆ ಗಣಿಯವರು ಸರ್ಕಾರಕ್ಕೆ ಕಟ್ಟುವ ಪಾಲು. 2015ರ ಕಾನೂನಿನ ಪ್ರಕಾರ, ಅದರ ಮೇಲೆ ಹಳೆಯ ಗುತ್ತಿಗೆಯವರು ರಾಯಲ್ಟಿಯ ನೂರಕ್ಕೆ 30ರಷ್ಟು, ಹರಾಜಿನಲ್ಲಿ ಪಡೆದ ಹೊಸಬರು ನೂರಕ್ಕೆ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಎಲ್ಲರ ಬಾಯಲ್ಲಿ ಡಿಎಂಎಫ್ ಅನ್ನುವುದು ಇದನ್ನೇ. ಅಂದರೆ ನೂರು ರೂಪಾಯಿ ಅದಿರಿಗೆ ನಾಲ್ಕೂವರೆ ರೂಪಾಯಿ, ಇಲ್ಲವೇ ಒಂದೂವರೆ. ಕೋಟಿಗಟ್ಟಲೆ ಟನ್ನಿಗೆ ಲೆಕ್ಕ ಹಾಕಿ ನೋಡಿ. ಇದಲ್ಲದೆ ಗಣಿಯಿಂದ ಹಾಳಾದ ನಾಲ್ಕು ಜಿಲ್ಲೆಗಳನ್ನು ಸರಿಪಡಿಸಲು ಸುಪ್ರೀಂ ಕೋರ್ಟ್ ಕಣ್ಗಾವಲಿನಲ್ಲಿ ಕೆಎಂಇಆರ್‌ಸಿ ಎನ್ನುವ ನಿಗಮ ಇದೆ. ಅದರ ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ.

ಈ ಹಣ ರಸ್ತೆಗೆ, ಕಟ್ಟಡಕ್ಕೆ ಸುರಿದುಹೋದರೆ ಗಣಿಯ ಜೊತೆಗೇ ಅದೂ ಮುಗಿಯುತ್ತದೆ. ಗಣಿ ಇಲ್ಲದ ದಿನಕ್ಕೂ ಜನರ ಜೀವನ ನಡೆಯುವಂತೆ ಡಿಎಂಎಫ್ ಹಣದಲ್ಲಿ ಒಂದು ಪಾಲನ್ನು ಇಡುಗಂಟಾಗಿ ಇಡಲು 2015ರ ಮಾರ್ಗಸೂಚಿಯಲ್ಲೇ ಅವಕಾಶ ಇದೆ. ಇಡುಗಂಟು ಅಂದರೆ ಏನು ಅಂತ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಗ್ಗಿಯಲ್ಲಿ ತೆಗೆದಿಟ್ಟ ಜೋಳವೇ ಬರಗಾಲದಲ್ಲಿ ಮನೆ ನಡೆಸುತ್ತಿತ್ತು. ಸಂಡೂರಿಗೆ ಈಗ ಸುಗ್ಗಿ. ತೆಗೆದಿಡುತ್ತಿರುವುದು ಎಷ್ಟು ಎಂದು ಕೇಳುವವರು ಬೇಕು.

ಇನ್ನು ಕೆಲಸದ ಮಾತು. ಪ್ರವಾಸೋದ್ಯಮ ಬಂದುಬಿಟ್ಟರೆ ಎಲ್ಲರಿಗೂ ಕೆಲಸ ಎಂದು ನಾನು ಸುಮ್ನೆ ಹೇಳುವುದಿಲ್ಲ. ಹಂಪಿ ಹತ್ತಿರ ಇದೆ, ಕುಮಾರಸ್ವಾಮಿ ಬೆಟ್ಟ ಇದೆ, ನಿಜ. ಸಂಡೂರಿನ ಲಂಬಾಣಿ ಕಸೂತಿಗೆ, ಇದು ಈ ಸೀಮೆಯದೇ ಎಂದು ಹೇಳುವ ಜಿಐ ಗುರುತು ಸಿಕ್ಕಿದೆ, ಅದರಿಂದ ತಾಂಡಾದ ಹೆಣ್ಣುಮಕ್ಕಳ ಕೈಗೆ ತಮ್ಮದೇ ದುಡ್ಡು ಬಂದಿದೆ. ಅದು ಸಣ್ಣದಲ್ಲ. ಆದರೆ ಮೈನ್ಸ್‌ನ ಸಂಬಳಕ್ಕೆ ಅದನ್ನು ಸಾಟಿ ಅನ್ನುವುದು ಸುಳ್ಳಾಗುತ್ತದೆ. ನನಗೆ ಭರವಸೆ ಇರುವುದು ಬೆಟ್ಟವನ್ನು ಸರಿಪಡಿಸುವ ಕೆಲಸದ ಮೇಲೆ. ಗಣಿಯಿಂದ ತೆಗೆದು ಸುರಿದ ಮಣ್ಣಿನ ಡಂಪ್‌ಗಳಿಗೆ ಮೆಟ್ಟಿಲು ಕಡಿಯುವುದು, ತಡೆಗೋಡೆ, ಚೆಕ್ ಡ್ಯಾಂ, ಹಳ್ಳದ ಹೂಳು ತೆಗೆಯುವುದು, ಊರ ಗಿಡ ಬೆಳೆಸಿ ನೆಡುವುದು. ಹಲವಾರು ವರ್ಷ ನಡೆಯುವ ಕೆಲಸ ಇದು. ಎಲ್ಲಿ ಮಣ್ಣು ಜಾರುತ್ತದೆ, ಮಳೆ ನೀರು ಯಾವ ಕಡೆಯಿಂದ ಇಳಿಯುತ್ತದೆ ಎಂದು ನಿಮ್ಮಂಥವರಿಗೆ ಗೊತ್ತಿರುವಷ್ಟು ಹೊರಗಿನ ಗುತ್ತಿಗೆದಾರರಿಗೆ ಗೊತ್ತಿಲ್ಲ. ಇದನ್ನು ಊರವರಿಗೇ, ತರಬೇತಿ ಕೊಟ್ಟು ಕೊಡಿ ಎಂದು ನೀವು ಹಟ ಹಿಡಿಯಬೇಕು.

ನಿಮ್ಮ ಮಗನ ವಿಷಯ. ಮೈನ್ಸಿಗೆ ಹೋಗಬೇಡ ಎಂದು ಅವನಿಗೆ ಹೇಳಬೇಡಿ. ಹೋಗುವ ಮೊದಲು ಎಲ್ಲಿ ಬೇಕಾದರೂ ನಡೆಯುವ ಒಂದು ವಿದ್ಯೆ ಕಲಿ ಎಂದು ಹೇಳಿ. ಐಟಿಐನಲ್ಲಿ ಎಲೆಕ್ಟ್ರೀಶಿಯನ್, ಫಿಟ್ಟರ್, ವೆಲ್ಡರ್ ಯಾವುದಾದರೂ ಆಗಲಿ, ಡಿಪ್ಲೊಮಾ ಮಾಡುತ್ತಾನೆ ಅಂದರೆ ಇನ್ನೂ ಒಳ್ಳೆಯದು. ಎಕ್ಸ್‌ಕವೇಟರ್ ಓಡಿಸುವವನಿಗಿಂತ ಅದನ್ನು ರಿಪೇರಿ ಮಾಡುವವನಿಗೆ ಗಣಿ ನಿಂತ ಮಾರನೇ ದಿನವೂ ಕೆಲಸ ಇರುತ್ತದೆ. ಇನ್ನೊಂದು ಮಾತು, ಅಣ್ಣನ ಹಾಗೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮನೆಯವರೆಲ್ಲರ ಸಂಬಳವೂ ಒಂದೇ ಬೆಟ್ಟದಿಂದ ಬರುವುದು ಬೇಡ. ಮತ್ತೆ ಸಾಲ ಮಾಡಿ ಲಾರಿ ತರುವ ಆಸೆ ಬಂದರೆ, ಆ ಪೈಪಿನ ಕೆಳಗೆ ಒಂದು ನಿಮಿಷ ನಿಂತು ಯೋಚಿಸಿ.

ಡಿಎಂಎಫ್‌ಗೆ ಎಷ್ಟು ಹಣ ಬಂತು, ಯಾವ ಊರಿಗೆ ಏನು ಮಂಜೂರಾಯಿತು ಎಂಬುದನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂಬ ನಿಯಮ ಇದೆ. ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮುಂದಿನ ಗ್ರಾಮಸಭೆಗೆ ಆ ಕಾಗದ ಹಿಡಿದು ಹೋಗಿ. ಮಗನನ್ನೂ ಕರೆದುಕೊಂಡು ಹೋಗಿ. ನಿಮ್ಮ ಪಂಚಾಯಿತಿ ಹೆಸರಿನ ಎದುರು ಏನು ಬರೆದಿದೆ ಎಂದು ನಮಗೆ ಕಳಿಸಿ. ಕಳೆದ ಸಲ ಕಾಡಿನ ಲೇಖನ ಬಂದ ಪುಟದಲ್ಲೇ ಅದನ್ನು ಪೂರ್ತಿ ಹಾಕುತ್ತೇವೆ.

— ಸಂಪಾದಕ