ಫೋಟೋ ಹಾಕಿದ್ದು ಸದಸ್ಯರು, ನೋಟಿಸ್ ಬಂದಿದ್ದು ನನಗೆ

ಪ್ರಶ್ನೆ: ಡೊಂಬಿವಲಿಯಲ್ಲಿದ್ದುಕೊಂಡು ಮುಂಬೈ ಸುತ್ತಲಿನ ಕನ್ನಡಿಗರಿಗಾಗಿ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ಸದಸ್ಯರು ಪ್ರವಾಸದ ಫೋಟೋಗಳನ್ನು ತಾವೇ ಹಾಕುತ್ತಾರೆ. ಒಬ್ಬರು ಹಾಕಿದ ಗೋವಾದ ದೂಧ್‌ಸಾಗರ್ ಜಲಪಾತದ ಚಿತ್ರ ತನ್ನದೆಂದು ಫೋಟೋಗ್ರಾಫರೊಬ್ಬರು ಲಿಂಕ್ ಸಮೇತ ಈಮೇಲ್ ಕಳಿಸಿದ್ದಾರೆ. ತೆಗೆಯಿರಿ, 60,000 ರೂಪಾಯಿಯನ್ನೂ ಕೊಡಿ ಎನ್ನುತ್ತಾರೆ. ಸದಸ್ಯರನ್ನು ಕೇಳಿದರೆ ‘ಗೂಗಲ್‌ನಲ್ಲಿ ಸಿಕ್ಕಿತು’ ಅಂತಾರೆ. ಸೈಟಿನಲ್ಲಿ ಜಾಹೀರಾತುಗಳಿವೆ. ವಾರಕ್ಕೊಂದು ಚೆಂದದ ಚಿತ್ರ ಆರಿಸಿ ಮುಖಪುಟಕ್ಕೆ ಹಾಕುವುದು ಮಾತ್ರ ನಾನು. ಇದೂ ಹಾಗೆ ಹಾಕಿದ್ದೇ. ಹಣ ನಾನು ಕೊಡಬೇಕೇ?

ಉತ್ತರ: ಮೊದಲು ಫೋಟೋವನ್ನು ಸೈಟಿನಿಂದ ತೆಗೆಯಿರಿ, ಉಳಿದದ್ದು ಆಮೇಲೆ ಓದಿ. ತೆಗೆಯುವ ಮುಂಚೆ ಪುಟದ ಸ್ಕ್ರೀನ್‌ಶಾಟ್, ಯಾರು ಯಾವಾಗ ಅಪ್‌ಲೋಡ್ ಮಾಡಿದರು ಎಂಬ ದಾಖಲೆ ಇಟ್ಟುಕೊಳ್ಳಿ.

ಬೇರೆಯವರು ಹಾಕಿದ್ದಕ್ಕೆ ಸೈಟಿನವರು ಹೊಣೆಯೇ ಎಂಬ ಜಗಳ ನಮ್ಮ ಕೋರ್ಟುಗಳಲ್ಲಿ ಚೆನ್ನಾಗಿಯೇ ನಡೆದಿದೆ. ಟಿ-ಸೀರೀಸ್‌ನ ಸೂಪರ್ ಕ್ಯಾಸೆಟ್ಸ್ ಕಂಪನಿ, ಸದಸ್ಯರೇ ಹಾಡು, ವಿಡಿಯೋ ಹಾಕುವ ಮೈಸ್ಪೇಸ್ ಎಂಬ ಸೈಟಿನ ಮೇಲೆ ಹಾಕಿದ ಕೇಸಿನಲ್ಲಿ 2011ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಸೈಟಿನ ವಿರುದ್ಧ ಹೇಳಿತು. 2016ರ ಡಿಸೆಂಬರ್‌ನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಸೈಟಿನಲ್ಲಿ ಕದ್ದ ಮಾಲು ಇರಬಹುದು ಎಂಬ ಅನುಮಾನ ಸಾಲದು, ನಿರ್ದಿಷ್ಟವಾಗಿ ಯಾವುದು ಎಂಬುದು ಗೊತ್ತಿದ್ದರೆ ಮಾತ್ರ ಸೈಟಿನವರು ಹೊಣೆ ಎಂದಿತು. ಹಾಗೆ ಗೊತ್ತಾಗಲು ಕೋರ್ಟ್ ಆದೇಶವೇ ಬರಬೇಕಿಲ್ಲ, ಹಕ್ಕುದಾರರ ನೋಟಿಸ್ ಸಾಕು. ತೆಗೆಯಲು 36 ಗಂಟೆ. ನೀವು ಅಷ್ಟು ಹೊತ್ತು ಕಾಯಬೇಡಿ.

ಹಾಗಾದರೆ ಪಾರಾದೆ ಅಂದುಕೊಂಡಿರಾ? ನಿಮ್ಮ ಪತ್ರದ ಕೊನೆಯ ಸಾಲುಗಳು ನನಗೆ ಇಷ್ಟವಾಗಲಿಲ್ಲ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 79ನೇ ಕಲಂ ರಕ್ಷಣೆ ಕೊಡುವುದು ಸುಮ್ನೆ ಜಾಗ ಕೊಟ್ಟವರಿಗೆ. ಮಾಹಿತಿಯನ್ನು ತಾನೇ ಆರಿಸಿದವರಿಗೆ, ತಿದ್ದಿದವರಿಗೆ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಲ್ ಬಾಡಿಗೆಗೆ ಕೊಟ್ಟವರು ಬೇರೆ, ನಾಟಕ ಆರಿಸಿ ಆಡಿಸಿದವರು ಬೇರೆ, ಅಲ್ವಾ? ಸಾವಿರ ಫೋಟೋಗಳ ವಿಷಯದಲ್ಲಿ ನೀವು ಹಾಲಿನ ಮಾಲೀಕರು. ಮುಖಪುಟದ ಆ ಒಂದರ ವಿಷಯದಲ್ಲಿ ನಾಟಕದವರು. ಅದರ ಮೂಲೆಯಲ್ಲಿದ್ದ ಹೆಸರನ್ನು ಕತ್ತರಿಸಿ ನಿಮ್ಮ ಲೋಗೋ ಹಾಕಿದ್ದರಂತೂ ಇನ್ನೂ ಕಷ್ಟ. ಫೋಟೋ ಕ್ಲಿಕ್ಕಿಸಿದವರಿಗೆ ತಮ್ಮ ಹೆಸರು ಹಾಕಿ ಎಂದು ಕೇಳುವ ಹಕ್ಕು ಬೇರೆಯೇ ಇದೆ. ಜಾಹೀರಾತಿಗೆ ಅಷ್ಟು ಹೆದರಬೇಡಿ. ಯಂತ್ರವೇ ತಂದು ಅಂಟಿಸುವ ಜಾಹೀರಾತು, ಸದಸ್ಯರು ಹಾಕಿದ್ದನ್ನು ತಿದ್ದಿದಂತಲ್ಲ ಎಂದು ಮೈಸ್ಪೇಸ್ ಕೇಸಿನ ವಿಭಾಗೀಯ ಪೀಠವೇ ಹೇಳಿದೆ.

ಇನ್ನು ಹಣ. 60,000 ಎಂಬುದು ಅವರು ಕೇಳಿದ್ದು, ದಂಡವಲ್ಲ. ಹೆದರಿ ಕಳಿಸಬೇಡಿ, ಸುಮ್ಮನೆ ಕೂರಲೂ ಬೇಡಿ. ಚಿತ್ರ ಅವರದೇ ಎಂಬುದಕ್ಕೆ ಮೂಲ ಫೈಲ್ ತೋರಿಸಲು ವಿನಯದಿಂದ ಕೇಳಿ. ‘ಕಾಪಿರೈಟ್ ರಿಜಿಸ್ಟರ್ ಆಗಿದೆಯಾ’ ಎಂದು ಮಾತ್ರ ಕೇಳಬೇಡಿ. ಕ್ಯಾಮೆರಾ ಕ್ಲಿಕ್ಕಿಸಿದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಮಾಲೀಕರು ಅವರೇ ಎಂದಾದರೆ, ಚಿತ್ರ ಮುಖಪುಟದಲ್ಲಿದ್ದಷ್ಟು ದಿನಕ್ಕೆ ನ್ಯಾಯವಾದ ಮೊತ್ತ ಮಾತಾಡಿ, ‘ಇನ್ನು ಯಾವ ಬಾಕಿಯೂ ಇಲ್ಲ’ ಎಂದು ಬರೆಸಿಕೊಂಡೇ ಕೊಡಿ. ಮೊತ್ತ ಇಳಿಯದಿದ್ದರೆ ವಕೀಲರ ಹತ್ತಿರ ಹೋಗಿ.

ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ಸಂಪರ್ಕ ಸೈಟಿನಲ್ಲಿ ಕಾಣುವಂತೆ ಇರಬೇಕೆಂದು 2021ರ ಐಟಿ ನಿಯಮಗಳಲ್ಲಿದೆ. ನಿಮ್ಮಂಥ ಸಣ್ಣ ಸೈಟಿನಲ್ಲಿ ಆ ಅಧಿಕಾರಿ ನೀವೇ ಆಗಿ.

ವಾರದ ಚಿತ್ರ ನಿಲ್ಲಿಸಬೇಕಿಲ್ಲ. ಆರಿಸುವ ಮುಂಚೆ ಒಂದು ಫೋನ್ ಮಾಡಿ. ದೂಧ್‌ಸಾಗರ್‌ಗೆ ಹೋಗಿ ಬಂದವರ ಮೊಬೈಲಿನಲ್ಲಿ ಒಂದೇ ಫೋಟೋ ಇರುವುದಿಲ್ಲ. ಅದರ ಹಿಂದೆ ಮುಂದೆ ಅಲುಗಾಡಿದ್ದು, ಬೆರಳು ಅಡ್ಡ ಬಂದಿದ್ದು, ಹೆಂಡತಿ ಕಣ್ಣು ಮುಚ್ಚಿದ್ದು ಅಂತ ಹತ್ತಾದರೂ ಇರುತ್ತವೆ. ಅವನ್ನು ಕಳಿಸಲು ಹೇಳಿ.